ಲಕ್ಷ್ಮೀದೇವಕ್ಕನ ಹದಿನಾಲ್ಕು ಕ್ಯಾಸೆಟ್ಟು

ಕಳೆದ ತಿಂಗಳು ನೆಂಟರ ಮನೆಯ ನಿಖಾಗೆಂದು ಮೊಳಕಾಲ್ಮೂರಿಗೆ ಹೋಗಿದ್ದೆ. ಬಸ್ಸಿಳಿದು ನಾಲ್ಕು ಹೆಜ್ಜೆ ಹಾಕಿರಲಿಲ್ಲ, ರಾಳದ ಹೊಗೆಯ ವಾಸನೆ ಬಂತು. ಪೆಟ್ಟಿಗೆ ಅಂಗಡಿಯಷ್ಟು ಜಾಗದಲ್ಲಿ ಒಬ್ಬಾತ ಮಿಕ್ಸಿ ಬಿಚ್ಚಿಟ್ಟುಕೊಂಡು ತಂತಿಗೆ ಬೆಸುಗೆ ಹಾಕುತ್ತಿದ್ದ. ಮೂವತ್ತು ವರ್ಷ ಅದೇ ಹೊಗೆ ಕುಡಿದು ಬದುಕಿದವನು ನಾನು. ಆದರೆ ಆ ಊರಿನಲ್ಲಿ ಅದು ಮೂಗಿಗೆ ಬಡಿದಾಗ ನೆನಪಾದದ್ದು ನನ್ನ ಅಂಗಡಿಯಲ್ಲ. ಅಲ್ಲಿನ ಹೈಸ್ಕೂಲಿನ ಸ್ಟೋರ್ ರೂಮು, ಅಲ್ಲಿ ನಾನು ಕಳೆದಿದ್ದ ಮೂರು ಶುಕ್ರವಾರ.

ಎರಡು ಸಾವಿರದ ಇಸವಿ ಕಳೆದು ಒಂದೆರಡು ವರ್ಷವಾಗಿತ್ತು. ಆಷಾಢ. ಚಳ್ಳಕೆರೆಯಲ್ಲಿ ಆಷಾಢವೆಂದರೆ ಮಳೆಯಲ್ಲ, ಗಾಳಿ. ಬಸ್ ಸ್ಟ್ಯಾಂಡ್ ಹಿಂದಿನ ನನ್ನ ರೇಡಿಯೋ, ಟೇಪ್ ರೆಕಾರ್ಡರ್ ರಿಪೇರಿ ಅಂಗಡಿಯೊಳಗೆ ಬೆಳಗ್ಗೆ ಗುಡಿಸಿದರೆ ಮಧ್ಯಾಹ್ನಕ್ಕೆ ಮತ್ತೆ ಕೆಂಪು ಧೂಳು. ಗಾಳಿಗೆ ತಂತಿ ತಾಗಿ ಕರೆಂಟು ಹೋಗುತ್ತಿತ್ತು, ಬಂದರೂ ನಿಲ್ಲುತ್ತಿರಲಿಲ್ಲ. ಗಿರಾಕಿಗಳೂ ಹಾಗೆಯೇ ಆಗಿದ್ದರು. ಊರಿಗೆಲ್ಲ ಸೀಡಿ ಬಂದಿತ್ತು. ನನ್ನ ಹೆಂಡತಿಯ ತಮ್ಮ ಸಲೀಂ ದಿನಾ ಬಂದು ಸ್ಟೂಲಿನ ಮೇಲೆ ಕೂತು ಅದೇ ಮಾತು ತೆಗೆಯುತ್ತಿದ್ದ.

"ದೂಲಾಭಾಯ್, ಕ್ಯಾಸೆಟ್ ಕಾ ಜಮಾನಾ ಖತಂ. ಇವನ್ನೆಲ್ಲ ಗುಜರಿಗೆ ಹಾಕಿ ಸೀಡಿ ಅಂಗಡಿ ಮಾಡೋಣ."

"ಖತಂ ಆಗಿದ್ರೆ ಈಗ ನನ್ನ ಕೈಯಾಗೆ ಇರೋದು ಏನೋ?" ಎಂದು ನಾನು ಸ್ಕ್ರೂ ಡ್ರೈವರ್ ಬಿಡದೆ ಕೇಳುತ್ತಿದ್ದೆ.

ಹಟ ಎಂದರೆ ಹಟವೇ. ಸರಿಮಾಡಲು ಬರುವ ವಸ್ತುವನ್ನು ಹಳತಾಯಿತು ಎಂಬ ಒಂದೇ ಕಾರಣಕ್ಕೆ ಬಿಸಾಕಿ ಎಂದು ಹೇಳುವವರನ್ನು ಕಂಡರೆ ನನಗೆ ಮೈ ಉರಿಯುತ್ತಿತ್ತು. ಈಗಲೂ ಉರಿಯುತ್ತದೆ.

ಅಂಥ ಒಂದು ದಿನ ಐವತ್ತರ ಆಸುಪಾಸಿನ ಹೆಂಗಸೊಬ್ಬರು ಸೆರಗಿನಿಂದ ಮುಖದ ಧೂಳು ಒರೆಸಿಕೊಳ್ಳುತ್ತ ಬಂದರು. ಕೈಯಲ್ಲಿ ಬಟ್ಟೆಯ ಚೀಲ. ಮೊಳಕಾಲ್ಮೂರಿನವರು, ಹೆಸರು ಲಕ್ಷ್ಮೀದೇವಮ್ಮ, ಮಗ್ಗದ ಕೆಲಸ ಎಂದರು. ಚೀಲದಿಂದ ಹದಿನಾಲ್ಕು ಕ್ಯಾಸೆಟ್ಟು ತೆಗೆದು ಮೇಜಿನ ಮೇಲೆ ಸಾಲಾಗಿ ಜೋಡಿಸಿದರು. ಒಂದರ ಮೇಲೂ ಹಾಡಿನ ಹೆಸರಿಲ್ಲ. ಸೀಸದ ಕಡ್ಡಿಯಲ್ಲಿ ಬರೆದ ಕನ್ನಡ ಅಂಕಿ ಮಾತ್ರ.

"ಇದರಾಗೆ ಹಾಡಿಲ್ಲ ಅಣ್ಣಾರೆ. ಕಿರುಚತೈತೆ ಅಷ್ಟೇ. ಹಾಳಾಗದಂಗೆ ಮಾಡಿಕೊಡ್ರಿ."

ಒಂದನ್ನು ಹಾಕಿ ಕೇಳಿದೆ. ತಗಡಿನ ಮೇಲೆ ಮೊಳೆ ಎಳೆದ ಹಾಗೆ ಕರ್ಕಶ ಸದ್ದು.

"ಇದು ಆಗಲೇ ಹಾಳಾಗೈತಕ್ಕ," ಎಂದೆ.

"ಇಲ್ರಿ. ಅದು ಹಂಗೇ ಇರಬೇಕು. ನಮ್ಮಣ್ಣ ಹೇಳಿದ್ದ, ಕಂಪ್ಯೂಟರಿಗೆ ಅದೇ ಭಾಷೆ ಅಂತ. ಇಲ್ಲಿ ಕಂಪ್ಯೂಟರ್ ಕಲಿಸ್ತಾರಲ್ಲ, ಅವರನ್ನೂ ಕೇಳ್ದೆ. ಕ್ಯಾಸೆಟ್ಟಿನಾಗೆ ಎಂಥ ಕಂಪ್ಯೂಟರಮ್ಮ, ಭಕ್ತಿಗೀತೆ ತುಂಬಿಸ್ಕೋ ಹೋಗು ಅಂದ್ರು."

ನಾನು ನಗಲಿಲ್ಲ, ನಂಬಲೂ ಇಲ್ಲ. ಒಂದು ವಾರ ಬಿಟ್ಟು ಬನ್ನಿ ಎಂದು ಕಳಿಸಿದೆ. ಅಂದೇ ಸಂಜೆ ನಾನು ಮಾಡಿದ ಕೆಲಸವನ್ನು ಇಲ್ಲಿ ಮುಚ್ಚಿಡದೆ ಬರೆಯಬೇಕು. ಯಾರದೋ ಟೇಪ್ ರೆಕಾರ್ಡರಿನ ಮೈಕ್ ಸರಿಮಾಡಿ ಮುಗಿಸಿದ್ದೆ. ಪರೀಕ್ಷೆಗೆ ಒಂದು ಕ್ಯಾಸೆಟ್ಟು ಬೇಕಿತ್ತು. ಹೇಗೂ ಹಾಳಾದವು ಎಂದು ಆ ಹದಿನಾಲ್ಕರಲ್ಲಿ ಒಂದನ್ನು ಹಾಕಿ, ರೆಕಾರ್ಡ್ ಗುಂಡಿ ಒತ್ತಿ, "ಹಲೋ ಹಲೋ, ಒಂದು ಎರಡು ಮೂರು" ಎಂದು ಅರ್ಧ ನಿಮಿಷ ಮಾತಾಡಿದೆ. ಮೈಕ್ ಚೆನ್ನಾಗಿತ್ತು. ಕ್ಯಾಸೆಟ್ಟನ್ನು ಉಳಿದವುಗಳ ಜೊತೆ ಸೇರಿಸಿ ಮರೆತುಬಿಟ್ಟೆ.

ವಾರದ ಮೇಲೆ ಲಕ್ಷ್ಮೀದೇವಕ್ಕ ಒಂದು ನೋಟ್‌ಬುಕ್ಕಿನೊಂದಿಗೆ ಬಂದರು. ಅಣ್ಣನ ಕೈಬರಹ. ಅಣ್ಣ ನಾಗಭೂಷಣ ಮೇಷ್ಟ್ರು ಮೊಳಕಾಲ್ಮೂರಿನ ಹೈಸ್ಕೂಲಿನಲ್ಲಿ ಗಣಿತ ಹೇಳುತ್ತಿದ್ದವರು. ಬಹಳ ವರ್ಷಗಳ ಹಿಂದೆ ದಾನಿಯೊಬ್ಬರು ಆ ಶಾಲೆಗೆ ಎರಡು ಕಂಪ್ಯೂಟರ್ ಕೊಟ್ಟಿದ್ದರಂತೆ. ಮನೆಯ ಟಿವಿಗೆ ಜೋಡಿಸುವಂಥವು. ಇಡೀ ಯಂತ್ರ ಒಂದು ಹಾಜರಿ ಪುಸ್ತಕದಷ್ಟು, ಮೇಲೆಲ್ಲ ರಬ್ಬರ್ ಗುಂಡಿ. ಅದಕ್ಕೆ ಬರೆದ ಪ್ರೋಗ್ರಾಮು ಉಳಿಯಬೇಕಾದರೆ ಕ್ಯಾಸೆಟ್ಟಿನಲ್ಲಿ ಸದ್ದಾಗಿ ತುಂಬಿಡಬೇಕು. ಮೇಷ್ಟ್ರು ನೇಕಾರರ ಮನೆಯವರು. ಶಾಲೆ ಬಿಟ್ಟ ಮೇಲೆ ಊರೂರು ತಿರುಗಿ, ಮುದುಕಿಯರ ಟ್ರಂಕಿನಲ್ಲಿದ್ದ ಹಳೆಯ ರೇಷ್ಮೆ ಸೀರೆಗಳ ಅಂಚುಗಳನ್ನು ಚೌಕುಳಿ ಹಾಳೆಯ ಮೇಲೆ ಬರೆದುಕೊಂಡು ಬಂದು, ಒಂದೊಂದು ಎಳೆಗೆ ಒಂದೊಂದು ಚುಕ್ಕೆಯಂತೆ ಆ ಯಂತ್ರಕ್ಕೆ ತುಂಬಿದ್ದರು. ಮಗ್ಗದ ಮೇಲೆ ಚಿತ್ರಕ್ಕೆ ತಕ್ಕಂತೆ ಎಳೆ ಎತ್ತುವ ಜಕಾರ್ಡಿನ ರಟ್ಟಿಗೆ ಎಲ್ಲೆಲ್ಲಿ ತೂತು ಹೊಡೆಯಬೇಕು ಎಂದು ಸಾಲುಸಾಲಾಗಿ ಹೇಳುವ ಪ್ರೋಗ್ರಾಮೊಂದನ್ನೂ ಬರೆದಿದ್ದರು. ಯಾರೂ ಕೇಳಿರಲಿಲ್ಲ, ಯಾರೂ ಹೊಗಳಿರಲಿಲ್ಲ. ಅವರು ತೀರಿಕೊಂಡು ಐದು ವರ್ಷವಾಗಿತ್ತು. ಹಾಳೆಗಳನ್ನು ಗೆದ್ದಲು ತಿಂದಿತ್ತು. ಸೀರೆಗಳನ್ನು ಜರಿಯ ಬೆಳ್ಳಿಗಾಗಿ ಕೊಳ್ಳುವವರು ಒಯ್ದು ಸುಟ್ಟಿದ್ದರು.

ಲಕ್ಷ್ಮೀದೇವಕ್ಕ ನೋಟ್‌ಬುಕ್ಕಿನ ಪಟ್ಟಿಯ ಮೇಲೆ ಬೆರಳಿಟ್ಟರು. "ಇದು ಒಂಬತ್ತನೇದು, ನೋಡ್ರಿ. ಅವ್ವನ ಅಂಚು ಅಂತ ಬರೆದಾನೆ. ನಮ್ಮವ್ವ ನೇಯ್ತಿದ್ದುದು. ನಾನಾಗ ಸಣ್ಣೋಳು, ಕಲೀಲಿಲ್ಲ. ನಲವತ್ತು ವರ್ಷ ಬ್ಯಾರೇರ ಡಿಸೈನು ನೇಯ್ದೆ. ಸಾಯೋದ್ರೊಳಗೆ ಅದನ್ನ ನೇಯಬೇಕು."

ಆ ಸಂಜೆಯ ಹಲೋ ಹಲೋ ನನಗೆ ಆಗ ನೆನಪಾಯಿತು. ಯಾವ ಕ್ಯಾಸೆಟ್ಟಿನ ಮೇಲೆ ಮಾತಾಡಿದ್ದೆ ಎಂಬುದು ನೆನಪಿರಲಿಲ್ಲ. ಆಗಲೇ ಹೇಳಬೇಕಿತ್ತು. ಹದಿನಾಲ್ಕರಲ್ಲಿ ಅದೇ ಆಗಿರಬೇಕೆಂದೇನೂ ಇಲ್ಲವಲ್ಲ ಎಂದು ನನಗೆ ನಾನೇ ಹೇಳಿಕೊಂಡು ಸುಮ್ಮನಾದೆ. ಬಾಯಿಂದ ಬಂದದ್ದು ಬೇರೆ ಮಾತು. "ಆ ಕಂಪ್ಯೂಟರ್ ಈಗ ಎಲ್ಲೈತಕ್ಕ?"

ನನ್ನ ಅಂಗಡಿಗೆ ಶುಕ್ರವಾರ ರಜೆ. ಆ ಶುಕ್ರವಾರ ಒಂದು ಲಾರಿ ಬ್ಯಾಟರಿ, ಅಂಗಡಿಯ ಸಣ್ಣ ಕಪ್ಪುಬಿಳುಪು ಟಿವಿ, ಒಂದು ಟೇಪ್ ರೆಕಾರ್ಡರ್, ಹತಾರದ ಪೆಟ್ಟಿಗೆ ಹೊತ್ತುಕೊಂಡು ಬೆಳಗಿನ ಬಸ್ಸು ಹತ್ತಿದೆ. ತಳಕು ದಾಟಿದ ಮೇಲೆ ಬಯಲಿನ ಗಾಳಿ ಬಸ್ಸನ್ನೇ ಪಕ್ಕಕ್ಕೆ ತಳ್ಳುತ್ತಿತ್ತು.

ಹೈಸ್ಕೂಲಿನ ಹೆಡ್ ಮಾಸ್ಟರು ಹೊಸದಾಗಿ ವರ್ಗವಾಗಿ ಬಂದವರು. ನಾಗಭೂಷಣ ಮೇಷ್ಟ್ರನ್ನು ಕಂಡವರಲ್ಲ. ಕೆಟ್ಟ ಮನುಷ್ಯರೂ ಅಲ್ಲ, ಕಾಗದಕ್ಕೆ ಹೆದರುವವರು ಅಷ್ಟೇ.

"ಅದು ಕಂಡಂ ಮಾಲು ಕಣಮ್ಮ," ಎಂದರು. "ಪಟ್ಟಿ ಆಗಿದೆ. ಇಲಾಖೆ ಸಾಹೇಬರು ಬಂದು ನೋಡಿ ಸಹಿ ಹಾಕಿದರೆ ಗುಜರಿಗೆ ಹೋಗುತ್ತೆ. ಅಲ್ಲೀವರೆಗೂ ಹೊರಗೆ ಒಯ್ಯೋ ಹಾಗಿಲ್ಲ."

"ಸಹಿ ಆದ ಮೇಲೆ ಒಯ್ಬೋದಾ?"

"ಆದ ಮೇಲೆ ಅದು ಗುಜರಿಯವನದು."

ಲಕ್ಷ್ಮೀದೇವಕ್ಕ ಒಂದು ಕ್ಷಣ ಯೋಚಿಸಿದರು. "ಹೊರಗೆ ಒಯ್ಯಂಗಿಲ್ಲ ಅಂದ್ರಿ. ಒಳಗೆ ಕುಂತು ನೋಡಂಗಿಲ್ಲ ಅಂತ ಎಲ್ಲಾದ್ರೂ ಬರೆದೈತಾ ಸಾರ್?"

ಹೆಡ್ ಮಾಸ್ಟರು ನನ್ನ ಮುಖ ನೋಡಿದರು, ನಾನು ಬ್ಯಾಟರಿ ನೋಡಿದೆ. ಕೊನೆಗೆ ಮೇಜಿನ ಖಾನೆಯಿಂದ ಬೀಗದ ಕೈ ತೆಗೆದು ಕೊಟ್ಟು, ಸಾಹೇಬರು ಬರುವ ತನಕ ಅಷ್ಟೇ ಎಂದರು.

ಸ್ಟೋರ್ ರೂಮಿನಲ್ಲಿ ಮುರಿದ ಬೆಂಚುಗಳ ಹಿಂದೆ, ಹರಿದ ಭೂಪಟಗಳ ಕೆಳಗೆ ಎರಡೂ ಯಂತ್ರಗಳಿದ್ದವು. ಒಂದು ನೀರು ಕುಡಿದು ತುಕ್ಕಾಗಿತ್ತು. ಇನ್ನೊಂದರೊಳಗೆ ಹಲ್ಲಿಯ ಮೊಟ್ಟೆ. ಕಂಪ್ಯೂಟರ್ ಎಂಬುದನ್ನು ನಾನು ಅದುವರೆಗೆ ಬಿಚ್ಚಿದವನಲ್ಲ. ಆದರೆ ಒಳಗೆ ನೋಡಿದರೆ ನನಗೆ ಗೊತ್ತಿದ್ದವರೇ ಇದ್ದರು. ಕೆಪಾಸಿಟರ್, ರೆಗ್ಯುಲೇಟರ್, ತಾಮ್ರದ ದಾರಿ. ಗುಂಡಿಗಳಿಂದ ಬರುವ ಪ್ಲಾಸ್ಟಿಕ್ ಪಟ್ಟಿ ಒಣಗಿ ತುದಿಯಲ್ಲಿ ಸೀಳಿತ್ತು. ತುದಿಯಷ್ಟನ್ನು ಕತ್ತರಿಸಿ ಮತ್ತೆ ಸಿಕ್ಕಿಸಿದೆ. ಉಬ್ಬಿದ ಕೆಪಾಸಿಟರುಗಳನ್ನು ಕಿತ್ತು ಹೊಸವನ್ನು ಬೆಸೆದೆ, ತುಕ್ಕು ಹಿಡಿದ ಯಂತ್ರದಿಂದ ಎರಡು ಐಸಿ ಬಿಚ್ಚಿ ಇದಕ್ಕೆ ಹಾಕಿದೆ. ಊರಿನ ಕರೆಂಟನ್ನು ನಂಬದೆ ಬ್ಯಾಟರಿಯಿಂದಲೇ ಒಂಬತ್ತು ವೋಲ್ಟು ಇಳಿಸಿ ಕೊಟ್ಟೆ. ಜುಮ್ಮಾ ನಮಾಜಿಗೆ ಹೋಗಿ ಬಂದು ಟಿವಿಯ ತಿರುಗಣಿ ತಿರುಗಿಸುತ್ತ ಕೂತೆ. ನಾಲ್ಕು ಗಂಟೆಯ ಹೊತ್ತಿಗೆ ಪರದೆ ಒಮ್ಮೆ ಕಪ್ಪಾಗಿ, ಬೆಳ್ಳಗಾಗಿ, ಕೆಳಗೊಂದು ಸಾಲು ಇಂಗ್ಲಿಷ್ ಅಕ್ಷರ ಮೂಡಿ ನಿಂತಿತು.

"ಎದ್ದೇಬಿಡ್ತು," ಎಂದರು ಲಕ್ಷ್ಮೀದೇವಕ್ಕ, ಹೆರಿಗೆಯ ಮನೆಯಲ್ಲಿ ಕೂಸಿನ ಸುದ್ದಿ ಹೇಳುವವರ ಹಾಗೆ.

ಎರಡನೆಯ ಶುಕ್ರವಾರ ಇಡೀ ಬೆಳಗು ಸೋಲೇ. ನೋಟ್‌ಬುಕ್ಕಿನಲ್ಲಿ ಬರೆದಂತೆ ಗುಂಡಿ ಒತ್ತಿ ಒಂದನೇ ಕ್ಯಾಸೆಟ್ಟು ಹಾಕಿದರೆ ಯಂತ್ರ ಸುಮ್ಮನೆ ಕೇಳಿಸಿಕೊಳ್ಳುತ್ತ ಕೂರುತ್ತಿತ್ತು, ಏನೂ ಹಿಡಿಯುತ್ತಿರಲಿಲ್ಲ. ಸದ್ದು ಏರಿಸಿದೆ, ಇಳಿಸಿದೆ, ರೀಲು ಉಜ್ಜಿಕೊಂಡು ಹೋಗುವ ಹೆಡ್ಡನ್ನು ಸ್ಪಿರಿಟ್ಟಿನಿಂದ ಒರೆಸಿದೆ. ಆಮೇಲೆ ಹೊಳೆಯಿತು. ಮೇಷ್ಟ್ರು ತುಂಬಿದ್ದು ಅವರ ಟೇಪ್ ರೆಕಾರ್ಡರಿನಲ್ಲಿ. ಅದರ ಹೆಡ್ಡು ಕೂದಲೆಳೆಯಷ್ಟು ಓರೆಯಾಗಿದ್ದಿರಬೇಕು. ನನ್ನದು ನೇರ. ಹಾಡಿಗಾದರೆ ಇದು ಅಷ್ಟು ಮುಖ್ಯವಲ್ಲ, ಸ್ವಲ್ಪ ಮಂಕಾಗಿ ಕೇಳಿಸುತ್ತದೆ. ಇಲ್ಲಿ ಮಂಕಾದರೆ ಅಕ್ಷರವೇ ಹೋಗುತ್ತದೆ. ಹೆಡ್ಡಿನ ಪಕ್ಕದ ಸಣ್ಣ ಸ್ಕ್ರೂವಿಗೆ ಸ್ಕ್ರೂ ಡ್ರೈವರ್ ಇಟ್ಟು, ಸ್ಪೀಕರಿಗೆ ಕಿವಿ ಹಚ್ಚಿ, ಸ್ವಲ್ಪ ಸ್ವಲ್ಪವೇ ತಿರುಗಿಸಿದೆ. ಕರ್ಕಶ ಸದ್ದು ಮೊನಚಾಗುತ್ತ ಹೋಗಿ ಒಂದು ಕಡೆ ಸೂಜಿಯಂತಾಯಿತು. ಅಲ್ಲಿ ಕೈ ಬಿಟ್ಟೆ.

ಪರದೆಯ ಅಂಚಿನಲ್ಲಿ ಅಡ್ಡಗೆರೆಗಳು ಓಡತೊಡಗಿದವು. ಐದು ನಿಮಿಷ ಹಾಗೇ ಓಡಿದವು. ಗೆರೆ ನಿಂತು ಪರದೆ ಬೆಳ್ಳಗಾಗಿ, ನಡುವೆ ಕನ್ನಡದಲ್ಲಿ ಎರಡೇ ಅಕ್ಷರ ಮೂಡಿದವು. ಅಂಚು. ಆ ಯಂತ್ರಕ್ಕೆ ಕನ್ನಡ ಬರುತ್ತಿರಲಿಲ್ಲ. ಮೇಷ್ಟ್ರು ಒಂದೊಂದು ಅಕ್ಷರವನ್ನೂ ಚುಕ್ಕೆ ಚುಕ್ಕೆಯಾಗಿ ಕೂಡಿಸಿ ಕಲಿಸಿದ್ದರು. ಸೊನ್ನೆ ಸ್ವಲ್ಪ ಸೊಟ್ಟಗಿತ್ತು. ಲಕ್ಷ್ಮೀದೇವಕ್ಕ ಪರದೆ ಮುಟ್ಟಲು ಕೈ ಚಾಚಿ, ಮುಟ್ಟದೆ ಹಿಂದಕ್ಕೆ ತೆಗೆದುಕೊಂಡರು.

"ನಮ್ಮಣ್ಣ ಸೊನ್ನೆ ಬರೆಯೋದು ಹಂಗೇ," ಎಂದರು.

ಸಂಜೆಯೊಳಗೆ ಏಳು ಕ್ಯಾಸೆಟ್ಟು ಓದಿಸಿದೆವು. ಎರಡನೆಯದರಿಂದ ಮುಂದಕ್ಕೆಲ್ಲ ಒಂದೊಂದರಲ್ಲಿ ಒಂದೊಂದು ಅಂಚಿನ ಚಿತ್ರ. ಹಂಸದ ಸಾಲು, ಗಿಳಿ, ಮಾವಿನಕಾಯಿ, ಹೆಸರೇ ಗೊತ್ತಿಲ್ಲದ ಒಂದು ಬಳ್ಳಿ. ಬಂದದ್ದನ್ನು ಆಗಿಂದಾಗಲೇ ಹೊಸ ಕ್ಯಾಸೆಟ್ಟುಗಳಿಗೆ ಎರಡೆರಡು ಪ್ರತಿ ತುಂಬಿದೆ. ಒಂಬತ್ತನೆಯದನ್ನು ಮಾತ್ರ ಅವರು ಚೀಲದಿಂದ ತೆಗೆಯಲಿಲ್ಲ. ಕೈ ಪಳಗಲಿ, ಅದು ಕೊನೆಗಿರಲಿ ಎಂದರು. ಆ ಏಳರಲ್ಲಿ ಯಾವುದರಲ್ಲೂ ನನ್ನ ದನಿ ಇರಲಿಲ್ಲ. ಬಸ್ಸಿನಲ್ಲಿ ವಾಪಸು ಬರುವಾಗ ಉಳಿದದ್ದು ಏಳು ಎಂದು ಮತ್ತೆ ಮತ್ತೆ ಬೆರಳು ಮಡಿಚಿ ಎಣಿಸಿದೆ.

ಮೂರನೆಯ ಶುಕ್ರವಾರ ಸಾಹೇಬರು ಬರುವ ದಿನ. ಹೆಡ್ ಮಾಸ್ಟರು ಬೆಳಗ್ಗೆಯೇ ಎಚ್ಚರಿಸಿದರು. ಉಳಿದ ಕ್ಯಾಸೆಟ್ಟುಗಳಲ್ಲಿ ಮೂರಕ್ಕೆ ಬೂಸಲು ಹಿಡಿದು ರೀಲೇ ಅಂಟಿಕೊಂಡಿತ್ತು. ಎಷ್ಟು ತಿಣುಕಿದರೂ ಬರಲಿಲ್ಲ. ಮೂರು ಬಂದವು. ಅವುಗಳಲ್ಲೂ ನನ್ನ ದನಿ ಇಲ್ಲ. ಇನ್ನುಳಿದದ್ದು ಒಂಬತ್ತನೆಯದು ಒಂದೇ. ಅದನ್ನು ಟೇಪ್ ರೆಕಾರ್ಡರಿಗೆ ಹಾಕುವಾಗ ನನಗೆ ಉತ್ತರ ಗೊತ್ತಿತ್ತು.

ಆ ಯಂತ್ರದಲ್ಲಿ ಚಿತ್ರ ಒಮ್ಮೆಗೇ ಬರುವುದಿಲ್ಲ. ಮೇಲಿನ ಮೂರನೇ ಒಂದು ಭಾಗ ಗೆರೆಗೆರೆಯಾಗಿ ತುಂಬಿ, ಆಮೇಲೆ ನಡುವಿನದು, ಆಮೇಲೆ ಕೆಳಗಿನದು. ಮೇಲಿನ ಭಾಗ ತುಂಬಿತು. ಚೂಪಾದ ಗೋಪುರಗಳ ಒಂದು ಸಾಲು, ಗೋಪುರ ಗೋಪುರದ ನಡುವೆ ಎದುರುಬದುರು ನಿಂತ ಹಕ್ಕಿಗಳ ತಲೆ.

"ಮಾ ಅಮ್ಮದಿ," ಎಂದರು ಲಕ್ಷ್ಮೀದೇವಕ್ಕ. ನಮ್ಮಮ್ಮನದು. ಅವರ ಬಾಯಿಗೆ ಮನೆಯ ತೆಲುಗೇ ಬಂದುಬಿಟ್ಟಿತ್ತು.

ನಡುವಿನ ಭಾಗದಲ್ಲಿ ಎರಡು ಗೆರೆ ಮೂಡಿದವು. ಅಷ್ಟಕ್ಕೇ ನಿಂತಿತು. ಕ್ಯಾಸೆಟ್ಟಿನಲ್ಲಿ ದೋಷ ಎಂದು ಯಂತ್ರ ಇಂಗ್ಲಿಷಿನಲ್ಲಿ ಬರೆಯಿತು.

"ಏನಾತು?"

ನಾನು ಕಂಪ್ಯೂಟರಿನ ತಂತಿ ಕಿತ್ತು, ಅದೇ ಜಾಗವನ್ನು ಸ್ಪೀಕರಿನಲ್ಲಿ ಹಾಕಿದೆ. ಕರ್ಕಶ ಸದ್ದು ಪಟ್ಟನೆ ಕಡಿದು ನನ್ನ ದನಿ ಬಂತು. ಹಲೋ ಹಲೋ. ಒಂದು ಎರಡು ಮೂರು.

ಅವರು ನನ್ನನ್ನು ನೋಡಿದರು. ನಾನು ಎಲ್ಲ ಹೇಳಿದೆ. ಯಾವ ಸಂಜೆ, ಯಾಕೆ, ಗೊತ್ತಾದ ಮೇಲೂ ಯಾಕೆ ಬಾಯಿ ಬಿಡಲಿಲ್ಲ. ಮುಗಿಯುವ ತನಕ ಕೇಳಿಸಿಕೊಂಡು ಎದ್ದು ಹೊರಗೆ ಹೋದರು. ಮೈದಾನದಲ್ಲಿ ಗಾಳಿಗೆ ಸೆರಗು ಹಾರುತ್ತಿತ್ತು, ಅವರು ಹಿಡಿದುಕೊಳ್ಳಲೂ ಇಲ್ಲ. ಇನ್ನು ಬರುವುದಿಲ್ಲ ಎಂದುಕೊಂಡು ನಾನು ಹತಾರ ಪೆಟ್ಟಿಗೆಗೆ ತುಂಬತೊಡಗಿದೆ.

ಬಂದರು. ಕೈಯಲ್ಲಿ ಚೌಕುಳಿ ಹಾಳೆ, ಸೀಸದ ಕಡ್ಡಿ. ಯಾವುದೋ ತರಗತಿಯಿಂದ ಕೇಳಿ ತಂದಿದ್ದರು.

"ಹಾಕ್ರಿ ಮತ್ತೆ. ಎಷ್ಟು ಬರತೈತೋ ಅಷ್ಟು ಬರಕೊಂತೀನಿ."

"ಪೂರ್ತಿ ಬರಲ್ಲಕ್ಕ. ಮೂರರಲ್ಲಿ ಎರಡು ಪಾಲು ಹೋಗೈತೆ."

"ಹೋಗಿದ್ದು ನಮ್ಮಣ್ಣ ಬರೆದಿದ್ದು. ಅವನು ಬರೆದಿದ್ದು ಅವ್ವನ ಸೀರೆ ನೋಡಿ. ಅವ್ವ ಯಾವ ಹಾಳೆ ನೋಡಿ ನೇಯ್ದಿದ್ಲು?" ಎಂದು ನೆಲದ ಮೇಲೆ ಚಕ್ಕಳಮಕ್ಕಳ ಕೂತರು. "ಹಾಕ್ರಿ ಅಂದೆ. ನಿಮ್ಮನ್ನ ಮಾಫ್ ಮಾಡೀನಿ ಅಂತ ಮಾತ್ರ ತಿಳ್ಕೋಬ್ಯಾಡ್ರಿ."

ಹಾಕಿದೆ. ಪರದೆಗೆ ಕಣ್ಣು ನೆಟ್ಟು ಒಂದೊಂದೇ ಚೌಕ ತುಂಬತೊಡಗಿದರು. ಲೆಕ್ಕ ತಪ್ಪಿದರೆ ಅಳಿಸಿ ಮತ್ತೆ. ಬ್ಯಾಟರಿ ಸೋತು ಚಿತ್ರ ಅಲುಗಾಡಿದಾಗ ನಾನು ಹೊರಗೆ ನಿಂತಿದ್ದ ಟ್ರ್ಯಾಕ್ಟರಿನವನನ್ನು ಕಾಡಿ ಬೇಡಿ ಅವನ ಬ್ಯಾಟರಿ ತಂದು ಜೋಡಿಸಿ ಚಿತ್ರವನ್ನು ಮತ್ತೆ ತುಂಬಿಸಿದೆ. ಹೆಡ್ ಮಾಸ್ಟರು ಒಮ್ಮೆ ಬಾಗಿಲಲ್ಲಿ ಇಣುಕಿದವರು ಹೋಗಲೇ ಇಲ್ಲ. ಒಂದು ಮುರುಕು ಬೆಂಚು ಎಳೆದುಕೊಂಡು ಕೂತು, "ಇದು ನಮ್ಮ ಶಾಲೆ ಕಂಪ್ಯೂಟರೇನ್ರಿ?" ಎಂದು ಕೇಳಿದರು. ಅದು ಚಾಲೂ ಇದ್ದದ್ದನ್ನು ಅವರು ಕಂಡೇ ಇರಲಿಲ್ಲ. ನಾನು ಒಂದನೇ ಕ್ಯಾಸೆಟ್ಟಿನ ಕಥೆ, ಮೇಷ್ಟ್ರು ಕನ್ನಡ ಅಕ್ಷರ ಕೂಡಿಸಿದ ಕಥೆ ಹೇಳಿದೆ. ಅವರು ನೋಟ್‌ಬುಕ್ಕು ಇಸಿದುಕೊಂಡು ಮೊದಲ ಪುಟದಿಂದ ಓದತೊಡಗಿದರು.

ಮೂರು ಗಂಟೆಗೆ ಸಾಹೇಬರು ಬಂದರು. ಹಿಂದೆ ಗುಜರಿಯ ಟೆಂಪೋ. ಸಾಹೇಬರು ಮೂಗಿಗೆ ಕರವಸ್ತ್ರ ಹಿಡಿದುಕೊಂಡು ಬೆಂಚು, ಭೂಪಟ, ತುಕ್ಕು ಹಿಡಿದ ಯಂತ್ರ ಎಲ್ಲ ನೋಡಿ ನಮ್ಮ ಹತ್ತಿರ ನಿಂತರು.

"ಇದೂ ಪಟ್ಟೀಲಿದೆಯಲ್ಲ, ಎತ್ತಿಸಿ."

"ತಡೀರಿ ಸಾರ್, ಇನ್ನೂ ಆರು ಗೆರೆ ಐತೆ," ಎಂದರು ಲಕ್ಷ್ಮೀದೇವಕ್ಕ, ತಲೆ ಎತ್ತದೆ.

"ಯಾರಮ್ಮ ನೀನು?"

"ನೇಯೋಳು."

"ನೇಯೋರಿಗೆ ಶಾಲೇಲಿ ಏನು ಕೆಲಸ?"

"ಇದೇ ಶಾಲ್ಯಾಗೆ ನಮ್ಮಣ್ಣ ಬಿಟ್ಟೋದ ಕೆಲಸ."

ಸಾಹೇಬರು ಹೆಡ್ ಮಾಸ್ಟರ ಕಡೆ ತಿರುಗಿದರು. ಕಾಗದಕ್ಕೆ ಹೆದರುವ ಆ ಮನುಷ್ಯ ಬೆಂಚಿನಿಂದ ಎದ್ದು, ಪಟ್ಟಿಯನ್ನು ಗೋಡೆಗೆ ಒತ್ತಿ ಹಿಡಿದು, ಆ ಸಾಲಿನಲ್ಲಿದ್ದ ಕಂಡಂ ಎಂಬ ಮಾತನ್ನು ಹೊಡೆದುಹಾಕಿ ಪಕ್ಕದಲ್ಲಿ 'ಉಪಯೋಗದಲ್ಲಿದೆ' ಎಂದು ಬರೆದು ಸಹಿ ಮಾಡಿದರು.

"ಏನ್ರಿ ಇದು?"

"ತಾವೇ ನೋಡ್ತಿದ್ದೀರಲ್ಲ ಸರ್. ಉಪಯೋಗ ನಡೀತಿದೆ."

ಸಾಹೇಬರಿಗೆ ಮುಂದಿನ ಊರಿಗೆ ಹೊತ್ತಾಗುತ್ತಿತ್ತೋ, ನಿಜವಾಗಿಯೂ ನೋಡಿದರೋ, ನನಗೆ ತಿಳಿಯದು. ಕೆಳಗೆ ತಮ್ಮ ಸಹಿಯನ್ನೂ ಹಾಕಿ ಹೋದರು. ಟೆಂಪೋದಲ್ಲಿ ಬೆಂಚುಗಳೂ ತುಕ್ಕಿನ ಯಂತ್ರವೂ ಹೋದವು. ಇದು ಉಳಿಯಿತು.

ದಸರಾ ಹೊತ್ತಿಗೆ ಚಳ್ಳಕೆರೆಯಲ್ಲಿ ಹೊಸದಾಗಿ ಇಂಟರ್ನೆಟ್ ಅಂಗಡಿ ಇಟ್ಟಿದ್ದವರೊಬ್ಬರು ಇನ್ನೊಂದು ದಾರಿ ತೋರಿಸಿದರು. ಹಳೆಯ ಯಂತ್ರದಂತೆಯೇ ನಡೆದುಕೊಳ್ಳುವ ಪ್ರೋಗ್ರಾಮುಗಳನ್ನು ದೂರದೇಶದ ಹವ್ಯಾಸಿಗಳು ಬರೆದು ಪುಕ್ಕಟೆ ಹಂಚುತ್ತಿದ್ದರು. ನನ್ನ ಟೇಪ್ ರೆಕಾರ್ಡರಿನ ತಂತಿಯನ್ನು ಹೊಸ ಕಂಪ್ಯೂಟರಿನ ಮೈಕ್ ತೂತಿಗೆ ಸಿಕ್ಕಿಸಿ ಕಿರುಚಾಟವನ್ನೆಲ್ಲ ಒಳಗೆ ಬಿಟ್ಟೆವು. ಆ ಹೊಳೆಯುವ ಬಣ್ಣದ ಪರದೆಯ ಮೂಲೆಯಲ್ಲಿ ಮೇಷ್ಟ್ರ ಸೊಟ್ಟ ಸೊನ್ನೆಯ ಅಂಚು ಎದ್ದು ನಿಂತಿತು. ಬೂಸಲಿನ ಮೂರು ಕ್ಯಾಸೆಟ್ಟು ಮಾತ್ರ ಇವತ್ತಿಗೂ ಓದಿಲ್ಲ. ಒಣ ಡಬ್ಬಿಯಲ್ಲಿಟ್ಟಿದ್ದೇನೆ, ಕೈ ಬಿಟ್ಟಿಲ್ಲ. ಸಲೀಂ ಆ ವರ್ಷ ಸೀಡಿ ಅಂಗಡಿ ಹಾಕಿದ. ನಾನು ಹಾಕಲಿಲ್ಲ.

ಚಳಿ ಶುರುವಾದ ಮೇಲೆ ಒಂದು ಶುಕ್ರವಾರ ಲಕ್ಷ್ಮೀದೇವಕ್ಕ ಹೇಳಿಕಳಿಸಿದರು. ಹೋದೆ. ಗುಂಡಿಮಗ್ಗದ ಮೇಲೆ ಒಂದು ಮೊಳ ಸೀರೆ ಬಂದಿತ್ತು. ಕೆಂಪಿಗೆ ಕಪ್ಪು ಅಂಚು, ಜರಿಯ ಗೋಪುರ, ಕೆಳಗೆ ಹಕ್ಕಿಗಳ ಮೈ, ಕಾಲು, ಅದರಡಿಗೆ ತೆನೆಯ ಸಾಲು. ವ್ಯಾಪಾರಿಯೊಬ್ಬರು ಬಂದು ನೋಡಿ, ಇದನ್ನು ಬೇರೆ ಯಾರಿಗೂ ಕೊಡದೆ ನನಗೊಬ್ಬನಿಗೇ ನೇಯ್ದುಕೊಡಿ ಎಂದಿದ್ದರಂತೆ.

"ಏನಂದ್ರಿ?"

"ಆಚೆಮನೆಗೆ ಒಂದು ಸೆಟ್ಟು, ಈಚೆಮನೆಗೆ ಒಂದು ಸೆಟ್ಟು ಈ ಅಂಚಿನ ರಟ್ಟು ಕೊಟ್ಟಾಗೈತೆ ಅಂದೆ. ಎದ್ದೋದ."

ನಾನು ಮಗ್ಗದ ಪಕ್ಕ ಕೂತೆ. ಅವರು ಲಾಳಿ ನಿಲ್ಲಿಸಿ ನನ್ನ ಮುಖವನ್ನೇ ನೋಡುತ್ತಿದ್ದರು.

"ಅಣ್ಣಂದು ಎಲ್ಲಿಗೆ ಮುಗೀತು, ನಂದು ಎಲ್ಲಿಂದ ಶುರುವಾತು? ತೋರಿಸ್ರಿ ನೋಡಾನ. ಕೆಡಿಸಿದೋರು ನೀವೇ ಅಲ್ವಾ?"

ಬಗ್ಗಿ ನೋಡಿದೆ. ಪರದೆ ನಿಂತ ಜಾಗ ನನಗೆ ಚೆನ್ನಾಗಿ ನೆನಪಿತ್ತು, ಹಕ್ಕಿಯ ಕತ್ತಿನ ಕೆಳಗೆ ಎರಡು ಗೆರೆ. ಅಲ್ಲಿ ಬೆರಳಿಟ್ಟೆ. ಅಲ್ಲವೆಂದರು. ಸ್ವಲ್ಪ ಮೇಲೆ ಇಟ್ಟೆ. ಅಲ್ಲವೆಂದರು. ಅಣ್ಣ ಹಾಳೆಯ ಮೇಲೆ ಬರೆದದ್ದರಲ್ಲೂ ಅಲ್ಲಲ್ಲಿ ತಪ್ಪಿದ್ದವು, ಅವನ್ನೂ ತಿದ್ದಿದ್ದೇನೆ ಎಂದರು. ಬೆರಳನ್ನು ಮೇಲಿಂದ ಕೆಳಕ್ಕೆ, ಕೆಳಗಿಂದ ಮೇಲಕ್ಕೆ ಆಡಿಸಿದೆ. ಎಲ್ಲೂ ಏನೂ ತಡೆಯಲಿಲ್ಲ.

"ಸಿಗಲಿಲ್ಲಕ್ಕ. ನೀವೇ ಹೇಳ್ರಿ."

"ಯಾಕೆ ಹೇಳ್ಲಿ?" ಎಂದು ಲಾಳಿ ಎಸೆದರು.